ಅಕ್ಕಿಯ ಚೀಲವಷ್ಟೇ ದಾನವೇ?

ದಾನಚಿಂತಾಮಣಿ ಅತ್ತಿಮಬ್ಬೆ ಪತಿ ನಾಗದೇವನನ್ನು ಕಳೆದುಕೊಂಡ ಮೇಲೆ ಮಗನಿಗಾಗಿ ಬದುಕಿದವಳು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ಆಕೆಯನ್ನು ಕೊಂಡಾಡುವ ಸಮಾಜವು, ತನ್ನ ನಡುವೆಯೇ ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ನಿರ್ಗತಿಕ ತಾಯಿಗೆ ಪರ್ಯೂಷಣದಲ್ಲೊಮ್ಮೆ ಅಕ್ಕಿಯ ಚೀಲವಿತ್ತು ಭಾವಚಿತ್ರ ತೆಗೆಸಿಕೊಂಡರೆ ಸಾಕೇ?

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಅಕ್ಕಿಯು ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಮನೆಬಾಡಿಗೆಯ ಭರವಸೆಯೂ ಅಭಯದಾನವೇ. ಮಕ್ಕಳ ಶಾಲಾಶುಲ್ಕವೂ ಶಾಸ್ತ್ರದಾನವೇ. ಹೊಲಿಗೆಯಂತ್ರ ಕೊಟ್ಟವರು ಹೊಲಿಗೆಯ ಕೆಲಸವನ್ನೂ ಒದಗಿಸಬೇಡವೇ?

ಮಂದರಗಿರಿಯ ಮೆಟ್ಟಿಲೇರುವ ತುಮಕೂರಿನ ಶ್ರಾವಕರೂ, ನಿಟ್ಟೂರಿನ ಬಸದಿಗೆ ನಡೆದುಕೊಳ್ಳುವ ಗುಬ್ಬಿಯವರೂ, ಕುಣಿಗಲ್ಲಿನ ವರ್ತಕರೂ ಯೋಚಿಸಲಿ. ಪ್ರತಿಯೊಂದು ಟ್ರಸ್ಟೂ ಒಂದೊಂದು ಕುಟುಂಬವನ್ನು ವಹಿಸಿಕೊಂಡು, ಆ ತಾಯಿಯ ಸಂಪಾದನೆ ನೆಲೆಗೊಳ್ಳುವವರೆಗೆ ತಿಂಗಳು ತಿಂಗಳು ಲೆಕ್ಕವಿಟ್ಟು ನೆರವಾಗಲಿ. ಆಕೆಯ ಹೆಸರನ್ನು ಮಾತ್ರ ಸಭೆಯಲ್ಲಿ ಓದದಿರಲಿ.