ಉಂಡಿ ಉಳಿಯಿತು, ಜೋಕಾಲಿ ಹೋಯಿತು

ಕಳೆದ ದೀಪಾವಳಿಯ ರಜೆ ಮುಗಿದ ವಾರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪುಣೆಯಿಂದ ಫೋನ್ ಮಾಡಿದ್ದಳು. “ಅಕ್ಕೋರ, ಎಂಟು ದಿನ ಊರಿಗೆ ಬಂದು ಹ್ವಾದೆ, ಮೂರು ಕಿಲೋ ಏರೇನಿ. ಮುಂದಿನ ಹಬ್ಬಕ್ಕ ಬರೂದ ಬ್ಯಾಡ ಅನಸ್ತದ” ಎಂದಳು. ನಗುತ್ತಲೇ ಹೇಳಿದ ಮಾತು. ಆದರೆ ಅವಳ ತಾಯಿ ಈಗ ಮನೆಯಲ್ಲಿ ಒಬ್ಬರೇ ಇದ್ದಾರೆ. ಹಬ್ಬಕ್ಕೆ ತಿಂಗಳಿರುವಾಗಲೇ ಶೇಂಗಾ ಆರಿಸಿಡುತ್ತಾರೆ. ಆದ್ದರಿಂದ ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಅವಳಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಮಾಧಾನದ ಸಂಗತಿ. ಎಂಟು ದಿನದಲ್ಲಿ ಏರಿದ ಮೂರು ಕಿಲೋದಲ್ಲಿ ಬಹುಪಾಲು ಕೊಬ್ಬಲ್ಲ. ಉಪ್ಪು, ಸಿಹಿ ಹೆಚ್ಚಾದಾಗ ದೇಹ ಹಿಡಿದಿಟ್ಟುಕೊಂಡ ನೀರು ಅದರಲ್ಲಿ ಸಾಕಷ್ಟಿರುತ್ತದೆ. ಅಮೆರಿಕದಲ್ಲಿ 195 ಜನರನ್ನು ಹಬ್ಬದ ದಿನಗಳುದ್ದಕ್ಕೂ ತೂಗಿ ನೋಡಿದ ಅಧ್ಯಯನವೊಂದು 2000ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗೆ ಅವರಲ್ಲಿ ಏರಿದ್ದ ಸರಾಸರಿ ತೂಕ 0.37 ಕಿಲೋ ಮಾತ್ರ; ಅವರು ತಾವು ಏರಿದ್ದೇವೆಂದು ಭಾವಿಸಿದ್ದು ಇದಕ್ಕಿಂತ ಬಹಳ ಹೆಚ್ಚು. ಆದರೆ ಏರಿದ ಆ ಅಲ್ಪ ತೂಕ ಮುಂದೆ ಸುಲಭವಾಗಿ ಇಳಿಯಲಿಲ್ಲ. ಹತ್ತು ವರ್ಷ ಹೀಗೆ ಕೂಡಿಸುತ್ತ ಹೋದರೆ ಎಷ್ಟಾದೀತೆಂಬ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಉಪದೇಶ ಮಾಡುವ ಅರ್ಹತೆ ನನಗಿದೆಯೇ? ಇಲ್ಲವೆಂದೇ ಒಪ್ಪಿಕೊಳ್ಳುತ್ತೇನೆ. ‘ಸಮತೋಲ ಆಹಾರ’ದ ಪಾಠವನ್ನು ವರ್ಷವರ್ಷವೂ ಮಾಡಿದವಳು ನಾನು. 2019ರ ಶ್ರಾವಣ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ 7.9 ಇತ್ತು. 6.5 ದಾಟಿದರೆ ಮಧುಮೇಹ. ವೈದ್ಯರು “ಟೀಚರೇ, ಏನು ತಿನ್ನುತ್ತೀರಿ?” ಎಂದು ಕೇಳಿದಾಗ, ಮನೆಪಾಠ ಮಾಡದೆ ಬಂದ ಹುಡುಗಿಯಂತೆ ತಲೆ ತಗ್ಗಿಸಿ ಕುಳಿತಿದ್ದೆ. ಒಂಟಿ ನಾನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು.

ಆಗ ನಾನು ಹಳೆಯ ಪಂಚಮಿಯನ್ನು ನೆನೆದುಕೊಂಡೆ. ನಮ್ಮ ಕಡೆ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮೊದಲು ರೊಟ್ಟಿ ಹಬ್ಬ: ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಟಕ ರೊಟ್ಟಿ, ಮಡಕಿ ಕಾಳಿನ ಪಲ್ಯ, ಎಣ್ಣೆಗಾಯಿ, ಗುರೆಳ್ಳು, ಅಗಸಿ, ಶೇಂಗಾದ ಚಟ್ನಿಪುಡಿಗಳು. ಕಲಘಟಗಿ ಮಲೆನಾಡಿನ ಅಂಚು, ಭತ್ತದ ಸೀಮೆ; ದಿನವೂ ಅನ್ನ ಉಣ್ಣುವವರೇ ಇಲ್ಲಿ ಬಹಳ. ಆದರೂ ಅಂದು ನವಲಗುಂದ, ಕುಂದಗೋಳದ ಎರೆಹೊಲದ ಜೋಳವೇ ಬೇಕು. ಓಣಿಯ ಮನೆಮನೆಗೂ ರೊಟ್ಟಿ ಹಂಚುತ್ತಿದ್ದೆವು. ಹತ್ತು ಮನೆಗೆ ಕೊಟ್ಟು ಹತ್ತು ಮನೆಯದನ್ನು ತರುತ್ತಿದ್ದೆವು. ಯಾರ ಮನೆಯ ಪಲ್ಯಕ್ಕೆ ಖಾರ ಹೆಚ್ಚೆಂಬುದು ಓಣಿಗೆಲ್ಲ ಗೊತ್ತು! ಅದಾದ ಮೇಲೆ ಉಂಡಿಗಳು: ಶೇಂಗಾ, ಎಳ್ಳು, ರವೆ, ಲಡಗಿ, ಗುಳ್ಳಡಿಕಿ, ತಂಬಿಟ್ಟು.

ತಿಂದದ್ದು ಅರಗುವ ದಾರಿಯೂ ಹಬ್ಬದಲ್ಲಿಯೇ ಇತ್ತು. ಹುಣಸೆಯ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು, ಮಳೆ ಹಿಡಿದರೆ (ಶ್ರಾವಣದಲ್ಲಿ ಇಲ್ಲಿ ಹಿಡಿಯದೆ ಇರುವುದುಂಟೆ?) ಪಡಸಾಲೆಯ ತೊಲೆಗೆ. ಇಬ್ಬರು ಎದುರುಬದುರು ನಿಂತು ಜೀಕುವಾಗ ಮೊಣಕಾಲು, ಸೊಂಟ, ತೋಳು ಎಲ್ಲಕ್ಕೂ ಕೆಲಸ. ಇಷ್ಟು ಎಸೆತದಲ್ಲಿ ನಿಂಬೆಹಣ್ಣು ಮುಂದಿನ ಊರನ್ನು ಮುಟ್ಟಬೇಕೆಂದು ಗಂಡಸರು ಪಂದ್ಯ ಕಟ್ಟುತ್ತಿದ್ದರು. ಎಸೆಯುವವನ ಹಿಂದೆ ಅರ್ಧ ಊರೇ ಕೆಸರಿನಲ್ಲಿ ಓಡುತ್ತಿತ್ತು. ಹೀಗೆ ಓಡಿದವರಿಗೆ ವ್ಯಾಯಾಮವೆಂಬ ಶಬ್ದ ಗೊತ್ತಿತ್ತೋ ಇಲ್ಲವೋ.

ಇಷ್ಟು ಬರೆದು ‘ಹಿಂದಿನ ಕಾಲವೇ ಚೆಂದ’ ಎಂದು ಮುಗಿಸಿಬಿಡುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಒರಳು, ಬೀಸುಕಲ್ಲುಗಳನ್ನು ಹೆಣ್ಣುಮಕ್ಕಳ ‘ಜಿಮ್’ ಎಂದು ಹೊಗಳುವ ಸಂದೇಶಗಳು ನನ್ನ ಮೊಬೈಲಿಗೂ ಬರುತ್ತವೆ. ನನ್ನ ಅವ್ವ ಆ ಒರಳಿನ ಮುಂದೆ ಕುಳಿತು ಬೆನ್ನು ಕಳೆದುಕೊಂಡಳು. ಹಬ್ಬದ ದಿನ ಅವಳು ಉಣ್ಣುತ್ತಿದ್ದುದು ಮೂರು ಗಂಟೆಗೆ, ಎಲ್ಲರ ಊಟವಾದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ಉಳಿದದ್ದನ್ನು. ಗಂಡಸರಿಗೆ ನಿಂಬೆಹಣ್ಣಿನ ಪಂದ್ಯ, ಅವಳಿಗೆ ಬೀಸುಕಲ್ಲು. ಇದನ್ನು ಆರೋಗ್ಯದ ಪದ್ಧತಿಯೆಂದು ಕರೆಯಲಾರೆ.

ಆಗ ಉಂಡಿಗಳು ಮಿತವಾಗಿದ್ದುದಕ್ಕೂ ಸಂಯಮ ಕಾರಣವಲ್ಲ, ಬಡತನ ಕಾರಣ. ಬೆಲ್ಲವನ್ನು ಅಳೆದು ತರುತ್ತಿದ್ದರು. ಡಬ್ಬಿಯ ಉಂಡಿಗಳನ್ನು ಅವ್ವ ಎಣಿಸಿಡುತ್ತಿದ್ದಳು. ವಾರದಲ್ಲಿ ಡಬ್ಬಿ ಬರಿದಾದರೆ ಮುಂದಿನ ಪಂಚಮಿಯವರೆಗೆ ಆ ರುಚಿ ನೆನಪು ಮಾತ್ರ. ಈಗ ಹುಬ್ಬಳ್ಳಿಯ ಅಂಗಡಿಗಳಲ್ಲಿ ಶೇಂಗಾ ಉಂಡಿ ವರ್ಷವಿಡೀ ಸಿಗುತ್ತದೆ. ಪಂಚಮಿಯ ಡಬ್ಬಿ ಮುಗಿಯುವ ಮೊದಲೇ ಗಣಪತಿಯ ಕಡಬು, ಅದರ ಹಿಂದೆ ದಸರೆಯ ಹೋಳಿಗೆ, ದೀಪಾವಳಿಯ ಕರ್ಜಿಕಾಯಿ. ನಡುವೆ ಹುಟ್ಟುಹಬ್ಬದ ಕೇಕು ಬೇರೆ. ಹಬ್ಬದಲ್ಲಿ ತಿನ್ನುವುದು ತಪ್ಪಲ್ಲ. ಹಬ್ಬ ಮುಗಿಯದೇ ಇರುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

“ಸಕ್ಕರೆಯಲ್ಲ, ಬೆಲ್ಲ ಹಾಕೇನಿ, ಏನೂ ಆಗೂದಿಲ್ಲ ತಗೊಳ್ರಿ” ಎನ್ನುವ ಬಂಧುಗಳಿಗೊಂದು ವಿನಂತಿ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸ್ ಎಂಬ ಅದೇ ಸಕ್ಕರೆ. ನನ್ನ ರಕ್ತ ಎರಡಕ್ಕೂ ಭೇದವೆಣಿಸುವುದಿಲ್ಲ. ಶೇಂಗಾ, ಬೆಲ್ಲ ಸಮಸಮ ಹಾಕಿದ ನಲ್ವತ್ತು ಗ್ರಾಮಿನ ಒಂದು ಉಂಡಿಯಲ್ಲಿ ಸುಮಾರು 190 ಕ್ಯಾಲರಿ. ಒಂದನ್ನು ತಿಂದರೆ ಸಂತೋಷ. ಮಾತನಾಡುತ್ತ ನಾಲ್ಕು ತಿಂದರೆ ಅದು ಊಟವೇ ಆಯಿತು, ಅದರ ಮೇಲೆ ಮತ್ತೊಂದು ಊಟ. ಉಪವಾಸದ ಕಥೆಯೂ ಹೀಗೆಯೇ: ಶ್ರಾವಣ ಸೋಮವಾರದ ಸಾಬೂದಾಣಿ ಖಿಚಡಿಯಲ್ಲಿ ಸಾಬೂದಾಣಿಯೆಂಬುದು ಬರಿಯ ಪಿಷ್ಟ, ಜೊತೆಗೆ ಬಟಾಟೆ. ದೇವರಿಗೆ ಉಪವಾಸ, ಹೊಟ್ಟೆಗೆ ಹಬ್ಬ!

ನನ್ನ ಮಟ್ಟಿಗೆ ಹೆಚ್ಚು ಕೆಡುಕು ಮಾಡಿದ್ದು ಬಡಿಸಿಕೊಂಡ ಊಟವಲ್ಲ, ಮುಸುರೆ ತಿಕ್ಕುವ ಮುನ್ನ ಬಾಯಿಗೆ ಹಾಕಿಕೊಂಡದ್ದು. ಮೊಮ್ಮಗ ಅರ್ಧ ಬಿಟ್ಟ ಹೋಳಿಗೆ, ಪಾತ್ರೆಯ ತಳದ ಶಾವಿಗೆ ಪಾಯಸ: ‘ಕೆಡಬಾರದು’ ಎಂದು ನಿಂತಲ್ಲಿಯೇ ತಿನ್ನುತ್ತಿದ್ದೆ. ಈಗ ಮನೆಯಲ್ಲಿ ಎರಡು ನಿಯಮ ಮಾಡಿದ್ದೇನೆ. ಹಬ್ಬದ ದಿನವೂ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ನಾನೂ ಸೊಸೆಯೂ ಸೇರಿ. ಬೇಕಾದವರು ಎದ್ದು ಬಡಿಸಿಕೊಳ್ಳಲಿ. ಉಳಿದದ್ದು ಸಂಜೆಯೊಳಗೆ ಮನೆ ಬಿಡಬೇಕು. ಮೊದಲ ನಿಯಮಕ್ಕೆ ಯಜಮಾನರು ಒಂದು ವರ್ಷ ಮುಖ ಊದಿಸಿದ್ದರು. ಈಗ ತುಪ್ಪದ ಗಿಂಡಿಯನ್ನು ಅವರೇ ಹಿಡಿದು ಬರುತ್ತಾರೆ.

ಉಂಡ ಮೇಲೆ ನಡಿಗೆ. ಇದರ ಗುಣವನ್ನು ನನ್ನ ಮೇಲೆಯೇ ಪ್ರಯೋಗ ಮಾಡಿ ನೋಡಿದೆ (ವಿಜ್ಞಾನ ಶಿಕ್ಷಕಿಯ ಚಟ). ಎರಡು ಹೋಳಿಗೆ ಉಂಡು ಮಲಗಿದ ದಿನ ಎರಡು ಗಂಟೆಯ ನಂತರ ಸಕ್ಕರೆ 236. ಅಷ್ಟೇ ಉಂಡು ಅರ್ಧ ಗಂಟೆ ನಡೆದ ದಿನ 178. ಕಾರವಾರದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ನಡೆಯುವ ಧೈರ್ಯ ನನಗಿಲ್ಲ; ಶಾಲೆಯ ಮೈದಾನಕ್ಕೆ ಹೋಗುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗಾದರೆ ದಿನಕ್ಕೆ ಒಂದು ಗಂಟೆ. ದಸರೆಯ ರಜೆಗೆ ಬಂದ ಮೊಮ್ಮಕ್ಕಳು ಮೊಬೈಲು ಹಿಡಿದು ಕುಳಿತಿದ್ದಾಗ ಬೈಯಲಿಲ್ಲ. ಒಂದು ನಿಂಬೆಹಣ್ಣು ಕೊಟ್ಟು, “ಹತ್ತು ಎಸೆತದಾಗ ಮೈದಾನ ಮುಟ್ಟಸ್ರಿ ನೋಡೂಣು” ಎಂದೆ. ಹದಿನಾರಾದವು. ಮರುದಿನ ತಾವೇ ಕೇಳಿದರು.

ಪುಣೆಯ ಹುಡುಗಿಗೆ ನನ್ನ ಉತ್ತರವಿಷ್ಟೆ. ಊರಿಗೆ ಬರುವುದನ್ನು ಬಿಡಬೇಡವಮ್ಮ. ಅವ್ವ ಎರಡನೆಯ ಹೋಳಿಗೆ ಹಾಕಬಂದರೆ ಕೈ ಅಡ್ಡ ಹಿಡಿದು, ಊಟವಾದೊಡನೆ ಅವಳನ್ನೂ ಕರೆದುಕೊಂಡು ಹೊರಗೆ ನಡೆ. ಆ ನಡಿಗೆ ನಿನಗಿಂತ ಅವಳಿಗೆ ಹೆಚ್ಚು ಬೇಕಾಗಿದೆ.

ಈ ಪಂಚಮಿಗೆ ನಮ್ಮ ಪಡಸಾಲೆಯ ತೊಲೆಗೆ ಹೊಸ ಹಗ್ಗ ತರಿಸಿದ್ದೇನೆ. ಹುಣಸೆಯ ಮರ ಈಗಿಲ್ಲ. ಬರುವವರು ನಾಲ್ಕು ದಿನ ಮೊದಲೇ ತಿಳಿಸಿರಿ. ಉಂಡಿ ತಲೆಗೆರಡೇ, ರೊಟ್ಟಿಯ ಲೆಕ್ಕ ಮಾತ್ರ ಹಾಕಬೇಕಾಗಿದೆ.