ಹಕ್ಕಿಯ ಹೆಸರಿನಲ್ಲಿ ಉಪದೇಶ ಬೇಡ



ಈಚೆಗೆ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಳೆಯ ವಿದ್ಯಾರ್ಥಿಯೊಬ್ಬರು, ತಮ್ಮ ಮಗಳು ನಾಟಕದ ತಂಡ ಸೇರಲು ಹಟ ಹಿಡಿದಿರುವುದನ್ನು ಹೇಳಿಕೊಂಡರು. "ಹೆಣ್ಣು ಎದ್ದು ಕಾಣಬಾರದೆಂದು ಪ್ರಕೃತಿಯೇ ವಿಧಿಸಿದೆ. ಗಂಡು ಹಕ್ಕಿಗೆ ಬಣ್ಣ, ಹೆಣ್ಣಿಗೆ ಮಂಕು. ಎಂಟನೆಯ ತರಗತಿಯಲ್ಲಿ ನೀವೇ ಪಾಠ ಮಾಡಿದ್ದಲ್ಲವೇ ಸಾರ್?" ಎಂದರು. ತುತ್ತು ಗಂಟಲಲ್ಲೇ ನಿಂತಿತು. ಗಂಡಿನ ಬಣ್ಣ ಹೆಣ್ಣನ್ನು ಒಲಿಸಲು, ಹೆಣ್ಣಿನ ಮಂಕು ಗೂಡಿನಲ್ಲಿ ಅಡಗಲು ಎಂದು ಕಪ್ಪುಹಲಗೆಯ ಮೇಲೆ ನವಿಲನ್ನು ಬರೆದು ವರ್ಷವರ್ಷವೂ ಬೋಧಿಸಿದವನು ನಾನೇ. ನವಿಲಿನ ಮಟ್ಟಿಗೆ ಅದು ಸರಿ. ಎಲ್ಲ ಹಕ್ಕಿಗಳಿಗೂ ಅದೇ ನಿಯಮವೆಂದದ್ದು ತಪ್ಪು.

ನನ್ನ ಸಾಕ್ಷಿ ದೂರದ ಅಮೆರಿಕ ಖಂಡಗಳದು. ಮೆಕ್ಸಿಕೋದಿಂದ ಬ್ರೆಜಿಲ್, ಬೊಲಿವಿಯಾಗಳವರೆಗಿನ ಉಷ್ಣವಲಯದ ಕಾಡುಗಳಲ್ಲಿ ವೈಟ್ ನೆಕ್ಡ್ ಜಾಕೋಬಿನ್ ಎಂಬ ಹಮ್ಮಿಂಗ್ ಬರ್ಡ್ ಇದೆ. ನಮ್ಮ ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿ ಇದರ ಬಳಗದ್ದಲ್ಲ. ನಮ್ಮ ದೇಶದಲ್ಲಿ ಹಮ್ಮಿಂಗ್ ಬರ್ಡ್‌ಗಳೇ ಇಲ್ಲ. ಜಾಕೋಬಿನ್ನಿನ ಉದ್ದ ಸುಮಾರು 12 ಸೆಂಟಿಮೀಟರ್, ತೂಕ ಸುಮಾರು 7 ಗ್ರಾಂ. ಗಂಡಿನ ತಲೆ ಹೊಳೆಯುವ ನೀಲಿ, ಬೆನ್ನು ಹಸುರು, ಹೊಟ್ಟೆ ಮತ್ತು ಬಾಲ ಅಚ್ಚ ಬಿಳುಪು, ಕತ್ತಿನ ಹಿಂದೆ ಒಂದು ಬಿಳಿಯ ಪಟ್ಟಿ. ಹೆಣ್ಣಿನ ಬೆನ್ನು ಹಸುರು. ಗಂಟಲ ಮೇಲೆ ಮೀನಿನ ಹುರುಪೆಯಂಥ ಗುರುತುಗಳು. ಗೂಡು ಕಟ್ಟಿ ಕಾವು ಕೊಡುವವಳು ಹೆಣ್ಣೇ. ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಹಳೆಯ ಪಾಠವೇ ಗೆದ್ದಂತೆ.

ಆದರೆ ಜೇ ಫಾಕ್ ಮತ್ತು ಸಂಗಡಿಗರು ಪನಾಮಾದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನು ಹೇಳುತ್ತದೆ. ಬೆಳೆದ ಹೆಣ್ಣುಗಳಲ್ಲಿ ಸರಿಸುಮಾರು ಐದಕ್ಕೊಂದು ಗಂಡಿನ ಬಣ್ಣವನ್ನೇ ಹೊತ್ತಿರುತ್ತದೆ. ಎಳೆಯ ಹಕ್ಕಿಗಳಂತೂ ಗಂಡು ಹೆಣ್ಣೆನ್ನದೆ ಎಲ್ಲವೂ ಆ ನೀಲಿ-ಬಿಳಿಯ ಉಡುಪಿನಲ್ಲೇ ಹಾರಾಡುತ್ತವೆ. ಜೊತೆ ಕೂಡುವ ವಯಸ್ಸೇ ಬಾರದ ಮರಿಗೆ ಒಲಿಸುವ ಬಣ್ಣವೇಕೆ? ಸಂಶೋಧಕರು ಹುಲ್ಲು ತುಂಬಿದಂಥ ಬೊಂಬೆಹಕ್ಕಿಗಳನ್ನು ಇಟ್ಟು ನೋಡಿದಾಗ, ಗಂಡುಗಳು ಕೂಡಲು ಬಯಸಿದ್ದು ಮಂಕು ಬಣ್ಣದ ಹೆಣ್ಣನ್ನೇ. ಹಾಗಾದರೆ ಬಣ್ಣದ ಹೆಣ್ಣಿಗೆ ದಕ್ಕಿದ ಲಾಭವೇನು? ಅನ್ನ. ಸಕ್ಕರೆನೀರಿನ ಪಾತ್ರೆಯ ಬಳಿ ಮಂಕು ಹೆಣ್ಣುಗಳನ್ನು ಇತರ ಹಕ್ಕಿಗಳು ಹೆಚ್ಚು ಅಟ್ಟಿ ಓಡಿಸುತ್ತವೆ. ಗಂಡಿನಂತೆ ಕಾಣುವವಳು ಹೆಚ್ಚು ಹೊತ್ತು ನೆಮ್ಮದಿಯಾಗಿ ಕುಡಿಯುತ್ತಾಳೆ. ರೆಕ್ಕೆ ಬಡಿಯುತ್ತಲೇ ಗಾಳಿಯಲ್ಲಿ ನಿಂತು ಮಕರಂದ ಹೀರುವ ಜೀವಕ್ಕೆ ಇದೇನು ಶೃಂಗಾರದ ಮಾತೇ? ಹಸಿವಿನ ಮಾತು.

ಇದನ್ನು ಓದಿ, ಹೆಣ್ಣು ಗಂಡಿನ ವೇಷ ತೊಟ್ಟರೇ ಉಳಿಗಾಲವೆಂದು ಹೊಸ ಉಪದೇಶ ಹೊಸೆಯುವವರೂ ಇದ್ದಾರು. ಅದೂ ಬೇಡ. ಹಕ್ಕಿ ತನ್ನ ಹೊಟ್ಟೆಪಾಡಿಗಾಗಿ ಬದುಕುತ್ತದೆ, ನಮಗೆ ಧರ್ಮಶಾಸ್ತ್ರ ಬರೆಯುವುದಕ್ಕಲ್ಲ. ಮಗಳನ್ನು ತಡೆಯಲೇಬೇಕೆಂದಿದ್ದರೆ ನಿಮ್ಮ ಅಂಜಿಕೆಯನ್ನು ನಿಮ್ಮದೆಂದೇ ಹೇಳಿರಿ. ಅದಕ್ಕೆ ಅವಳು ಉತ್ತರ ಕೊಡಬಲ್ಲಳು. ಪ್ರಕೃತಿಯನ್ನು ನಡುವೆ ನಿಲ್ಲಿಸಿದರೆ ಆ ಮಗು ಯಾರೊಡನೆ ವಾದಿಸಬೇಕು? ನನ್ನ ಪಾಠವನ್ನಂತೂ ಅವಳ ದಾರಿಗೆ ಅಡ್ಡವಿಡಬೇಡಿ. ಅದನ್ನು ನಾನು ಹಿಂದಕ್ಕೆ ಪಡೆದಿದ್ದೇನೆ.

ಇಂತು,
ನಿಮ್ಮ ಹಳೆಯ ಮೇಷ್ಟ್ರು