ಕೊನೆಯ ಪಂಕ್ತಿ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ‘ಸಮತೋಲ ಆಹಾರ’ ಎಂಬ ವಿಷಯವಾಗಿ ಪ್ರಬಂಧ ಸ್ಪರ್ಧೆಯೊಂದು ನಡೆಯಿತು. ಕನ್ನಡದ ಅಧ್ಯಾಪಕನಿಗೆ ಕಾಗುಣಿತ ತಿದ್ದುವ ಅಧಿಕಾರವೊಂದಿರುವುದರಿಂದ ಪರೀಕ್ಷಕನ ಪೀಠ ನನ್ನ ಪಾಲಿಗೆ ಬಂದಿತು. ಮೊದಲ ಬಹುಮಾನ ಪಡೆದವಳು ಸವದತ್ತಿಯ ಕಡೆಯ ಹಳ್ಳಿಯೊಂದರಿಂದ ಬೆಳಗಿನ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಬರುವ ಹುಡುಗಿ. ಯಾವ ಸೊಪ್ಪಿನಲ್ಲಿ ಕಬ್ಬಿಣವಿದೆ, ಯಾವ ಕಾಳಿನಲ್ಲಿ ಸಸಾರಜನಕವಿದೆ, ಊಟದೊಡನೆ ಚಹಾ ಏಕೆ ಕುಡಿಯಬಾರದು ಎಂಬುದನ್ನೆಲ್ಲ ಒಂದಕ್ಷರವೂ ತಪ್ಪದಂತೆ ಬರೆದಿದ್ದಳು.

ಬಹುಮಾನ ಪಡೆದ ಹತ್ತನೆಯ ದಿನ ಅದೇ ಹುಡುಗಿ ನನ್ನ ತರಗತಿಯಲ್ಲಿ ತಲೆಸುತ್ತಿ ಬಿದ್ದಳು. ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12 ಗ್ರಾಮಾದರೂ ಇರಬೇಕಾದಲ್ಲಿ 8 ಇತ್ತು.

“ಇಷ್ಟೆಲ್ಲಾ ಗೊತ್ತಿದ್ದೂ ಹಿಂಗ್ಯಾಕವಾ?” ಎಂದು ಕೇಳಿದೆ.

“ಗೊತ್ತೈತ್ರೀ ಸರ್. ಆದ್ರ ಮುಂಜಾನಿ ಬಸ್ಸಿನ ಗಡಿಬಿಡಿಗೆ ಚಹಾ, ಖಾರಿ ಅಷ್ಟ. ರಾತ್ರಿ ಅಪ್ಪ, ಅಣ್ಣಂದಿರು ಉಂಡ ಮ್ಯಾಲ ನಾನೂ ಅವ್ವನೂ ಕೂಡ್ತೀವ್ರಿ. ಅಷ್ಟೊತ್ತಿಗೆ ಪಲ್ಯ ಮುಗದಿರ್ತೈತಿ.”

ಪ್ರಬಂಧಕ್ಕೆ ನಾನು ಕೊಟ್ಟ ಅಂಕಗಳು ಆ ಕ್ಷಣದಲ್ಲಿ ನನ್ನನ್ನೇ ನೋಡಿ ನಕ್ಕಂತಾಯಿತು.

ನಮ್ಮದು ಹಸಿದ ಸೀಮೆಯಲ್ಲ. ಸವದತ್ತಿ, ರಾಮದುರ್ಗಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೂಗುತ್ತದೆ. ಕಿತ್ತೂರಿನ ಕಡೆಗೆ ಭತ್ತವೂ ಉಂಟು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ರೊಟ್ಟಿಯ ಜೊತೆಗೆ ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ: ಆಹಾರಶಾಸ್ತ್ರಜ್ಞರು ಪಟ್ಟಿ ಮಾಡುವ ಮೊದಲೇ ನಮ್ಮ ಅಜ್ಜಿಯರು ತಾಟನ್ನು ತುಂಬಿಸಿಟ್ಟಿದ್ದರು. ಕಾಳು ಸೊಪ್ಪುಗಳ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲವೆಂಬುದು ನಿಜ. ಊಟದ ಜೊತೆಗಿನ ಚಹಾ ಅದನ್ನು ಇನ್ನಷ್ಟು ತಡೆಯುತ್ತದೆ; ನಿಂಬೆಹಣ್ಣಿನ ನಾಲ್ಕು ಹನಿ ಅದಕ್ಕೆ ದಾರಿ ಮಾಡಿಕೊಡುತ್ತದೆ. ಇಷ್ಟು ತಿಳಿವಳಿಕೆ ಇಂದು ಶಾಲೆಯ ಪುಸ್ತಕದಲ್ಲಿಯೂ ಇದೆ, ಅಂಗನವಾಡಿಯ ಗೋಡೆಯ ಮೇಲೆಯೂ ಇದೆ.

ಆದರೂ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆಯಿದ್ದುದು, 2019–21ರ ಸಮೀಕ್ಷೆಯ ವೇಳೆಗೆ 48ರ ಹತ್ತಿರಕ್ಕೆ ಏರಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಇದಕ್ಕೆ ಕಾರಣಗಳು ಹಲವು: ಜಂತುಹುಳು, ಮೇಲಿಂದ ಮೇಲೆ ಬಸಿರು, ಬಡತನ. ಆದರೆ ಬಡತನವಿಲ್ಲದ ಮನೆಗಳಲ್ಲಿಯೂ ಈ ಕಾಯಿಲೆ ಹೊಕ್ಕಿದೆಯಲ್ಲ, ಅದು ಯಾವ ಬಾಗಿಲಿನಿಂದ ಬಂದಿತು?

ಈ ಪ್ರಶ್ನೆಯನ್ನು ಹೊತ್ತುಕೊಂಡು ಅಂದು ಸಂಜೆ ಮನೆಗೆ ಬಂದೆ. ಅವ್ವ ಎಂದಿನಂತೆ ನಮಗೆಲ್ಲ ಬಡಿಸಿದಳು. ಮೆಂತ್ಯದ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಳ್ಳುವಾಗ ನನ್ನ ಕಣ್ಣು ಮೊದಲ ಬಾರಿಗೆ ಬೋಗುಣಿಯ ತಳವನ್ನು ಕಂಡಿತು. “ನೀನೇನು ಉಣ್ಣುವಿ?” ಎಂದೆ. “ನೀವು ಉಂಡ್ರ ನನ್ನ ಹೊಟ್ಟಿ ತುಂಬಿದಂಗಪ್ಪಾ” ಎಂದಳು. ಮೂವತ್ತು ವರ್ಷಗಳಿಂದ ಈ ಮಾತನ್ನು ವಾತ್ಸಲ್ಯವೆಂದು ಕೇಳುತ್ತ ಬಂದವನು, ಒಮ್ಮೆಯಾದರೂ ಎದ್ದು ಹೋಗಿ ಅವಳ ತಾಟನ್ನು ನೋಡಿರಲಿಲ್ಲ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ, ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸಿಗೆ 29 ಬೇಕು ಎನ್ನುತ್ತದೆ ಶಾಸ್ತ್ರ. ಹೆಚ್ಚು ಬೇಕಾದವಳಿಗೆ ಕೊನೆಯ ಪಂಕ್ತಿ ಎನ್ನುತ್ತದೆ ನಮ್ಮ ರೂಢಿ. ಅವ್ವನ ಹರೆಯವೆಲ್ಲ ಆ ಪಂಕ್ತಿಯಲ್ಲಿಯೇ ಕಳೆದುಹೋಯಿತು.

ಶೀಗಿ ಹುಣ್ಣಿಮೆಯ ದಿನ ನಮ್ಮ ಸೀಮೆಯವರು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಅಂದು ಪೈರು ಹೊತ್ತ ಭೂತಾಯಿ ಬಸುರಿ. ಅವಳ ಬಯಕೆ ತೀರಿಸಿದ ಮೇಲೆಯೇ ಮನೆಯವರೆಲ್ಲ, ಗಂಡಸರು ಹೆಂಗಸರೆನ್ನದೆ, ಬದುವಿನ ಮೇಲೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮಣ್ಣಿನ ತಾಯಿಗೆ ಮೊದಲ ತುತ್ತು ಸಲ್ಲಬೇಕೆಂದು ಬಲ್ಲ ಜನರಿಗೆ, ಅಡಿಗೆಮನೆಯ ತಾಯಿಯ ಮಾತು ಮಾತ್ರ ಮರೆತುಹೋದದ್ದು ಹೇಗೆ?

ಆ ಹುಡುಗಿ ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ತಪ್ಪದೆ ನುಂಗುತ್ತಿದ್ದಾಳೆ. 8ಕ್ಕೆ ಇಳಿದ ರಕ್ತವನ್ನು ಬರೀ ಪಲ್ಯದಿಂದ ಏರಿಸಲಾಗದು. ನಮ್ಮ ಮನೆಯಲ್ಲಿ ಈಗ ಬೋಗುಣಿಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂಡುತ್ತೇವೆ. ಮೊದಲ ವಾರ ಅವ್ವ ನಾಚಿ ಎರಡು ಸಲ ಎದ್ದು ಹೋದಳು. ಈಗ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ತಾನೇ ಮೊದಲು ಹೇಳುತ್ತಾಳೆ.

ಓದುಗರೇ, ಇಂದು ರಾತ್ರಿ ನಿಮ್ಮ ಮನೆಯ ಬೋಗುಣಿಯ ತಳವನ್ನು ಒಮ್ಮೆ ನೋಡಿರಿ.